ಬೀಜದ ಹೋರಿಯ ವೀರ್ಯದ ಗುಣಮಟ್ಟ: ಎಪ್ಪತ್ತು ದಿನ ಹಿಂದಕ್ಕೆ ಎಣಿಸಿ ನೋಡುವ ಕ್ರಮ

ಹೋರಿಗೆ ಬಿಟ್ಟ ಹಸು ಗಬ್ಬ ನಿಲ್ಲದಿದ್ದರೆ ಮನೆಯವರು ಮೊದಲು ಅನುಮಾನಿಸುವುದು ಹಸುವನ್ನೇ. ಎರಡನೆಯ ಸಲ, ಮೂರನೆಯ ಸಲವೂ ಬೆದೆಗೆ ತಿರುಗಿ ಬಂದರೆ ಗರ್ಭಕೋಶದಲ್ಲೇ ದೋಷವಿದೆ ಎಂದು ತೀರ್ಮಾನಿಸಿ, ಔಷಧಿ ಹಾಕಿಸಿ, ಕೊನೆಗೆ ಸಂತೆಗೆ ಹೊಡೆಯುತ್ತಾರೆ. ಅದೇ ಹೋರಿಗೆ ಬಿಟ್ಟ ಅಕ್ಕಪಕ್ಕದ ಮನೆಗಳ ಹಸುಗಳೂ ಹೀಗೆಯೇ ತಿರುಗಿ ಬಂದಿವೆಯೇ ಎಂದು ವಿಚಾರಿಸುವವರು ಬಹಳ ಕಡಿಮೆ. ಒಂದು ಹಸುವಿನ ದೋಷದಿಂದ ಒಂದು ಕರು ತಪ್ಪಿದರೆ, ಒಂದು ಹೋರಿಯ ದೋಷದಿಂದ ಆ ವರ್ಷ ಊರಿನ ಹತ್ತಾರು ಕರುಗಳು ತಪ್ಪುತ್ತವೆ. ಬೀಜದ ಹೋರಿ, ಕೋಣ, ಟಗರು ಅಥವಾ ಹೋತವನ್ನು ಸಾಕುವ ರೈತರು ವೀರ್ಯದ ಗುಣಮಟ್ಟವನ್ನು ಕಾಪಾಡಲು ಏನೇನು ಮಾಡಬೇಕು, ಯಾವ ಕ್ರಮದಲ್ಲಿ ಮಾಡಬೇಕು ಎಂಬುದನ್ನು ಇಲ್ಲಿ ವಿವರಿಸಲಾಗಿದೆ. ಉದಾಹರಣೆಗಳು ಹೆಚ್ಚಾಗಿ ಹೋರಿಯವು. ಬೇರೆ ಪ್ರಾಣಿಯಲ್ಲಿ ವ್ಯತ್ಯಾಸ ಇರುವ ಕಡೆ ಅದನ್ನು ಹೇಳಿದ್ದೇನೆ.

ಮೊದಲ ಹಂತ: ದಿನಚರಿ ಪುಸ್ತಕ ಇಡಿ

ಎಲ್ಲಕ್ಕಿಂತ ಮೊದಲು ತಿಳಿಯಬೇಕಾದ ಸಂಗತಿ ಒಂದಿದೆ. ಹೋರಿಯ ವೃಷಣದಲ್ಲಿ ಒಂದು ವೀರ್ಯಾಣು ಮೊದಲಿನಿಂದ ಕೊನೆಯವರೆಗೆ ರೂಪುಗೊಳ್ಳಲು ಸುಮಾರು 61 ದಿನ ಬೇಕು. ಅಲ್ಲಿಂದ ಅದು ವೃಷಣಕ್ಕೆ ಅಂಟಿಕೊಂಡಿರುವ ಎಪಿಡಿಡಿಮಿಸ್ ಎಂಬ ಸುರುಳಿ ನಾಳದಲ್ಲಿ ಸಾಗುತ್ತಾ, ಈಜುವ ಶಕ್ತಿಯನ್ನೂ ಅಂಡಾಣುವನ್ನು ಸೇರುವ ಸಾಮರ್ಥ್ಯವನ್ನೂ ಪಡೆಯಲು ಇನ್ನೂ 8ರಿಂದ 11 ದಿನ ಹಿಡಿಯುತ್ತದೆ. ಎರಡನ್ನೂ ಕೂಡಿಸಿದರೆ ಸರಿಸುಮಾರು 70 ದಿನ. ಟಗರಿನಲ್ಲಿ ಈ ಅವಧಿ ಎರಡು ತಿಂಗಳು. ಅಂದರೆ ಇಂದು ಹೋರಿ ಬಿಡುವ ವೀರ್ಯ ಎರಡು ತಿಂಗಳ ಹಿಂದೆ ಅದು ತಿಂದ ಮೇವು, ಬಿದ್ದ ಬಿಸಿಲು, ಬಂದ ಜ್ವರಗಳ ಫಲ. ಇಂದು ಹೋರಿ ಕಟ್ಟುಮಸ್ತಾಗಿ ಕಂಡರೂ ವೀರ್ಯ ಕೆಟ್ಟಿರಬಹುದು. ಇಂದು ಕೊಟ್ಟ ಒಳ್ಳೆಯ ಮೇವಿನ ಫಲವೂ ನಾಳೆಯೇ ಕಾಣಸಿಗುವುದಿಲ್ಲ.

ಈ ಕಾರಣಕ್ಕೆ ಒಂದು ಪುಸ್ತಕ ಇಡುವುದೇ ನಿಜವಾದ ಆರಂಭ. ಹೋರಿಗೆ ಜ್ವರ ಬಂದ ದಿನ, ಕೊಟ್ಟ ಚುಚ್ಚುಮದ್ದು, ಹಿಂಡಿ ಬದಲಾಯಿಸಿದ ದಿನ, ತೀವ್ರ ಬಿಸಿಲಿನ ವಾರ, ಕುಂಟಿದ ದಿನಗಳು, ಯಾರ ಮನೆಯ ಯಾವ ಹಸುವಿಗೆ ಯಾವತ್ತು ಬಿಟ್ಟಿರಿ, ಆ ಹಸು 21 ದಿನದ ಸುಮಾರಿಗೆ ಮತ್ತೆ ಬೆದೆಗೆ ಬಂತೇ ಎಂಬುದನ್ನು ಬರೆದಿಡಿ. ನಾಲ್ಕಾರು ಹಸುಗಳು ಸಾಲಾಗಿ ತಿರುಗಿ ಬಂದರೆ ಪುಸ್ತಕ ತೆರೆದು ಹಿಂದಕ್ಕೆ ಎಣಿಸಿ. ಕಾರಣ ಬಹಳ ಸಲ ಆ ಪುಟಗಳಲ್ಲೇ ಸಿಗುತ್ತದೆ.

ಎರಡನೆಯ ಹಂತ: ಹೋರಿಯನ್ನು ಕೈಯಿಂದ ಮುಟ್ಟಿ ನೋಡಿ

ಹೋರಿಯನ್ನು ಆರಿಸುವಾಗ ಕೊಂಬು, ಬಣ್ಣ, ಇಣಿ, ನಡಿಗೆಗಳನ್ನು ನೋಡುವಷ್ಟೇ ಶ್ರದ್ಧೆಯಿಂದ ವೃಷಣಗಳನ್ನೂ ಪರೀಕ್ಷಿಸಬೇಕು. ಹೋರಿಯನ್ನು ಗಟ್ಟಿಯಾಗಿ ಕಟ್ಟಿಸಿ, ಹಿಂದಿನಿಂದ ನಿಧಾನವಾಗಿ ಎರಡೂ ಕೈಯಿಂದ ವೃಷಣಚೀಲದ ಕುತ್ತಿಗೆಯನ್ನು ಹಿಡಿದು ವೃಷಣಗಳನ್ನು ಕೆಳಕ್ಕೆ ತನ್ನಿ. ಎರಡೂ ಹೆಚ್ಚುಕಡಿಮೆ ಒಂದೇ ಗಾತ್ರದಲ್ಲಿರಬೇಕು, ಚೀಲದೊಳಗೆ ಸರಾಗವಾಗಿ ಜಾರಬೇಕು. ಒತ್ತಿದಾಗ ಬಿಗಿಯಾಗಿ, ಆದರೆ ಸ್ವಲ್ಪ ಪುಟಿಯುವಂತೆ ಇರಬೇಕು. ಮೆತ್ತಗೆ ಹಿಟ್ಟಿನ ಮುದ್ದೆಯಂತೆ ಸಿಕ್ಕರೆ ಅಂಗಾಂಶ ಕ್ಷೀಣಿಸಿರುವ ಸಂಭವವಿದೆ, ಕಲ್ಲಿನಂತೆ ಗಡುಸಾಗಿ ಗಂಟುಗಳಿದ್ದರೆ ಹಳೆಯ ಬಾವು ಮಾಗಿ ಗಾಯದ ಗುರುತು ಉಳಿದಿರಬಹುದು. ಬಿಸಿಯಾಗಿ ಊದಿಕೊಂಡು, ಮುಟ್ಟಿದರೆ ಹೋರಿ ಒದೆಯುವಂತಿದ್ದರೆ ಉರಿಯೂತ ಈಗಲೇ ನಡೆಯುತ್ತಿದೆ. ವೃಷಣದ ಕೆಳತುದಿಯಲ್ಲಿ ಬೆರಳಿಗೆ ಸಿಗುವ ಸಣ್ಣ ಉಬ್ಬು ಎಪಿಡಿಡಿಮಿಸ್‌ನ ಬಾಲ, ಅದು ಸಹಜ. ವೀರ್ಯಾಣುಗಳು ಸಂಗ್ರಹವಾಗುವುದು ಅಲ್ಲಿಯೇ.

ಒಂದೇ ವೃಷಣ ಇಳಿದಿರುವ ಹೋರಿಯನ್ನು ಬೀಜಕ್ಕೆ ಬಳಸಬೇಡಿ. ಅದರಿಂದ ಗಬ್ಬ ನಿಲ್ಲಬಹುದು, ಆದರೆ ಆ ದೋಷ ಗಂಡುಕರುಗಳಿಗೆ ವಂಶವಾಹಿಯಾಗಿ ಇಳಿಯುತ್ತದೆ. ವೃಷಣಚೀಲದ ಅತಿ ಅಗಲವಾದ ಭಾಗದ ಸುತ್ತಳತೆಯನ್ನು ಟೇಪಿನಿಂದ ಅಳೆದು ಬರೆದಿಡಿ. ಸುತ್ತಳತೆ ಹೆಚ್ಚಿದ್ದಷ್ಟೂ ದಿನನಿತ್ಯ ತಯಾರಾಗುವ ವೀರ್ಯಾಣುಗಳ ಸಂಖ್ಯೆ ಹೆಚ್ಚು. ವಿದೇಶಿ ತಳಿಯ ಹೋರಿಗಳಿಗೆ 15 ತಿಂಗಳ ವಯಸ್ಸಿಗೆ ಕನಿಷ್ಠ 30 ಸೆಂ.ಮೀ. ಇರಬೇಕೆಂಬ ಅಳತೆಯಿದೆ. ಹಳ್ಳಿಕಾರ್, ಅಮೃತ್ ಮಹಲ್, ಖಿಲಾರಿಗಳಂಥ ನಮ್ಮ ತಳಿಗಳು ತಡವಾಗಿ ಪ್ರಾಯಕ್ಕೆ ಬರುವುದರಿಂದ ಈ ಅಳತೆಯನ್ನು ಅವುಗಳ ಮೇಲೆ ಹೇರುವುದು ಸರಿಯಲ್ಲ. ಅದೇ ತಳಿಯ, ಅದೇ ವಯಸ್ಸಿನ ಹೋರಿಗಳೊಂದಿಗೆ ಹೋಲಿಸಿ. ಕಾಲುಗಳನ್ನೂ, ಗೊರಸನ್ನೂ ನೋಡಿ. ಹಿಂಗಾಲು ನೋಯುವ ಹೋರಿ ಹಸುವಿನ ಮೇಲೆ ಏರಲು ಹಿಂಜರಿಯುತ್ತದೆ, ಏರಿದರೂ ಪೂರ್ಣವಾಗಿ ವೀರ್ಯ ಬಿಡುವುದಿಲ್ಲ.

ಮಿಶ್ರತಳಿಯ ಹೋರಿಯನ್ನೇ ಬೀಜಕ್ಕೆ ಇಟ್ಟುಕೊಳ್ಳುವವರಿಗೆ ಒಂದು ಎಚ್ಚರಿಕೆ. ಮಿಶ್ರತಳಿಯ ಹೋರಿಗಳಲ್ಲಿ ವೀರ್ಯದ ಗುಣಮಟ್ಟ ಸಾಲದೆ, ಅಥವಾ ಘನೀಕರಿಸಿದಾಗ ವೀರ್ಯ ತಾಳಿಕೊಳ್ಳದೆ, ಕೈಬಿಡಬೇಕಾಗಿ ಬರುವ ಪ್ರಮಾಣ ಶುದ್ಧ ತಳಿಗಳಿಗಿಂತ ಹೆಚ್ಚು ಎಂಬುದು ನಮ್ಮ ದೇಶದ ವೀರ್ಯ ಕೇಂದ್ರಗಳ ಬಹುಕಾಲದ ಅನುಭವ. ಆದ್ದರಿಂದ ತಾಯಿಯ ಹಾಲಿನ ಇಳುವರಿಯೊಂದನ್ನೇ ನಂಬಿ ಮಿಶ್ರತಳಿ ಹೋರಿಯನ್ನು ಆರಿಸದೆ, ಮೊದಲೇ ವೀರ್ಯ ಪರೀಕ್ಷೆ ಮಾಡಿಸಿಕೊಳ್ಳಿ.

ಮೂರನೆಯ ಹಂತ: ಬಿಸಿಲಿನಿಂದ ಕಾಪಾಡಿ

ವೀರ್ಯ ಕೆಡಿಸುವ ಕಾರಣಗಳಲ್ಲಿ ನಮ್ಮ ನಾಡಿಗೆ ಅತಿ ಮುಖ್ಯವಾದದ್ದು ಬಿಸಿಲು. ದನದ ದೇಹದ ಉಷ್ಣಾಂಶ ಸುಮಾರು 38.5 ಡಿಗ್ರಿ ಸೆಲ್ಸಿಯಸ್. ವೃಷಣಗಳು ಅದಕ್ಕಿಂತ ಮೂರರಿಂದ ಐದು ಡಿಗ್ರಿ ತಂಪಾಗಿದ್ದರೆ ಮಾತ್ರ ವೀರ್ಯಾಣುಗಳು ಸರಿಯಾಗಿ ರೂಪುಗೊಳ್ಳುತ್ತವೆ. ವೃಷಣಗಳನ್ನು ದೇಹದ ಹೊರಗೆ ಚೀಲದಲ್ಲಿ ತೂಗುಬಿಟ್ಟಿರುವುದೇ ಈ ಕಾರಣಕ್ಕೆ. ಚಳಿಯಲ್ಲಿ ಚೀಲ ಸುಕ್ಕುಗಟ್ಟಿ ಮೇಲಕ್ಕೆ ಸೇರುತ್ತದೆ, ಸೆಕೆಯಲ್ಲಿ ಸಡಿಲಗೊಂಡು ಕೆಳಕ್ಕೆ ಇಳಿಯುತ್ತದೆ. ವೃಷಣಕ್ಕೆ ಇಳಿಯುವ ಬಿಸಿ ರಕ್ತದ ನಾಳದ ಸುತ್ತ, ಅಲ್ಲಿಂದ ಮೇಲೇರುವ ತಂಪು ರಕ್ತದ ನಾಳಗಳು ಜಾಲದಂತೆ ಹೆಣೆದುಕೊಂಡು ರಕ್ತವನ್ನು ದಾರಿಯಲ್ಲೇ ತಣಿಸುತ್ತವೆ. ಕಲಬುರಗಿ, ರಾಯಚೂರು, ಬಳ್ಳಾರಿಗಳ ಕಡೆ ಏಪ್ರಿಲ್, ಮೇ ತಿಂಗಳಲ್ಲಿ ಉಷ್ಣಾಂಶ 40 ಡಿಗ್ರಿ ದಾಟಿದಾಗ ಈ ವ್ಯವಸ್ಥೆ ಸೋಲುತ್ತದೆ.

ಸೋತ ಫಲ ಕೂಡಲೇ ಕಾಣುವುದಿಲ್ಲ. ಬಿಸಿಲಿನ ಪೆಟ್ಟು ಬಿದ್ದ ಎರಡು ಮೂರು ವಾರಗಳ ಬಳಿಕ ವೀರ್ಯಾಣುಗಳ ಚಲನೆ ತಗ್ಗುತ್ತದೆ, ತಲೆ ಅಥವಾ ಬಾಲ ವಿಕಾರಗೊಂಡ ವೀರ್ಯಾಣುಗಳು ಹೆಚ್ಚುತ್ತವೆ, ಪೂರ್ತಿ ಚೇತರಿಸಿಕೊಳ್ಳಲು ಎರಡು ತಿಂಗಳಾದರೂ ಬೇಕು. ಮುಂಗಾರು ಹಿಡಿದು, ಹಸಿರು ಚಿಗುರಿ, ವಾತಾವರಣ ತಂಪಾದ ಜೂನ್, ಜುಲೈನಲ್ಲಿ ಹಸುಗಳು ಗಬ್ಬ ನಿಲ್ಲದಿದ್ದಾಗ ಹೋರಿಯತ್ತ ಯಾರ ಗಮನವೂ ಹರಿಯದಿರುವುದು ಇದೇ ಕಾರಣಕ್ಕೆ. ಅದು ಮೇ ತಿಂಗಳ ಬಿಸಿಲಿನ ಬಾಕಿ.

ಬೇಸಿಗೆಗೆ ಮುಂಚೆಯೇ ಹೋರಿಗೆ ಬೇವು, ಹೊಂಗೆ, ಹುಣಸೆಯಂಥ ದಟ್ಟ ನೆರಳಿನ ಮರದಡಿ ಜಾಗ ಮಾಡಿ. ಕೊಟ್ಟಿಗೆಗೆ ತಗಡಿನ ಮಾಡಿದ್ದರೆ ಮೇಲೆ ತೆಂಗಿನ ಗರಿ ಅಥವಾ ಹುಲ್ಲು ಹೊದಿಸಿ, ಗಾಳಿ ಆಡುವಂತೆ ಪಕ್ಕಗಳನ್ನು ತೆರೆದಿಡಿ. ಮಧ್ಯಾಹ್ನ ಹನ್ನೊಂದರಿಂದ ನಾಲ್ಕರವರೆಗೆ ಬಯಲಿನಲ್ಲಿ ಕಟ್ಟಬೇಡಿ, ಗಾಡಿಗೆ ಹೂಡಬೇಡಿ. ತಂಪು ನೀರು ಸದಾ ಎಟುಕುವಂತಿರಲಿ. ಹಸುವಿಗೆ ಬಿಡುವುದು ನಸುಕಿನಲ್ಲಿ ಅಥವಾ ಸಂಜೆ ತಂಪಿನಲ್ಲಿ ಆಗಲಿ. ಕೋಣಗಳಿಗೆ ಇದು ಇನ್ನೂ ಮುಖ್ಯ. ಕಪ್ಪು ಚರ್ಮ ಬಿಸಿಲನ್ನು ಹೀರುತ್ತದೆ, ಬೆವರಿನ ಗ್ರಂಥಿಗಳೂ ದನಕ್ಕಿಂತ ಕಡಿಮೆ. ದಿನಕ್ಕೆರಡು ಸಲ ಮೈಗೆ ನೀರು ಎರಚಿ ಅಥವಾ ಕೆರೆಯಲ್ಲಿ ಮಲಗಲು ಬಿಡಿ. ಉಣ್ಣೆ ದಟ್ಟವಾಗಿರುವ ಟಗರುಗಳ ವೃಷಣಚೀಲದ ಮೇಲಿನ ಉಣ್ಣೆಯನ್ನೂ ಕತ್ತರಿಸಿ. ಆದರೆ ಕುರಿಗಳೊಂದಿಗೆ ಬಿಡುವ ಹಿಂದಿನ ದಿನ ಕತ್ತರಿಸಿದರೆ ಪ್ರಯೋಜನವಿಲ್ಲ, ಎರಡು ತಿಂಗಳು ಮುಂಚೆ ಆಗಬೇಕು.

ನಾಲ್ಕನೆಯ ಹಂತ: ಮೇವು, ಹಿಂಡಿ ತೂಗಿ ಹಾಕಿ

ಬೀಜದ ಹೋರಿಗೆ ಪ್ರೀತಿಯಿಂದ ಹೆಚ್ಚು ತಿನ್ನಿಸುವುದು ನಮ್ಮಲ್ಲಿ ವಾಡಿಕೆ. ಬಡಕಲು ಹೋರಿಯಷ್ಟೇ ಕೊಬ್ಬಿದ ಹೋರಿಯೂ ಬೀಜಕ್ಕೆ ಕೆಟ್ಟದ್ದು. ವೃಷಣಚೀಲದ ಕುತ್ತಿಗೆಯಲ್ಲಿ ಕೊಬ್ಬು ಶೇಖರವಾದರೆ ಮೇಲೆ ಹೇಳಿದ ರಕ್ತ ತಣಿಸುವ ಜಾಲಕ್ಕೆ ಕಂಬಳಿ ಹೊದಿಸಿದಂತಾಗುತ್ತದೆ. ಕೊನೆಯ ಪಕ್ಕೆಲುಬುಗಳು ಕಣ್ಣಿಗೆ ಕಾಣದೆ, ಕೈಯಾಡಿಸಿದರೆ ಸಿಗುವಷ್ಟು ಮೈ ಇದ್ದರೆ ಸಾಕು. ದಿನವೂ ಒಂದಷ್ಟು ದೂರ ನಡೆಸಿ. ಸದಾ ಗೂಟದಲ್ಲೇ ಇರುವ ಹೋರಿಯ ಕಾಲೂ ಉತ್ಸಾಹವೂ ಕುಗ್ಗುತ್ತವೆ.

ಉತ್ತರ ಕರ್ನಾಟಕದ ರೈತರು ಇಲ್ಲಿ ವಿಶೇಷವಾಗಿ ಗಮನಿಸಬೇಕಾದದ್ದು ಹತ್ತಿಕಾಳು ಮತ್ತು ಹತ್ತಿಕಾಳಿನ ಹಿಂಡಿಯನ್ನು. ಹಾಲಿನ ಎಮ್ಮೆಗೆ ಮೆಚ್ಚಿನ ಈ ಮೇವಿನಲ್ಲಿ ಗಾಸಿಪಾಲ್ ಎಂಬ ವಿಷಕಾರಿ ಅಂಶವಿದೆ. ಮೆಲುಕು ಹಾಕುವ ಪ್ರಾಣಿಗಳು ಅದನ್ನು ಸ್ವಲ್ಪಮಟ್ಟಿಗೆ ನಿರ್ವಿಷಗೊಳಿಸಿಕೊಳ್ಳುತ್ತವೆಯಾದರೂ, ಹೋರಿಗೆ ತಿಂಗಳುಗಟ್ಟಲೆ ಹೆಚ್ಚು ಪ್ರಮಾಣದಲ್ಲಿ ಹಾಕಿದರೆ ವೀರ್ಯಾಣುವಿನ ನಡುಭಾಗ, ಅಂದರೆ ಅದಕ್ಕೆ ಈಜುವ ಶಕ್ತಿ ಕೊಡುವ ಭಾಗವೇ ವಿಕಾರಗೊಳ್ಳುತ್ತದೆ. ಮೇವು ಬದಲಿಸಿದರೆ ಸಾಮಾನ್ಯವಾಗಿ ಹೋರಿ ಚೇತರಿಸಿಕೊಳ್ಳುತ್ತದೆ, ಅದಕ್ಕೂ ತಿಂಗಳುಗಳು ಬೇಕು. ಬೀಜದ ಹೋರಿಗೆ, ಅದರಲ್ಲೂ ಬೆಳೆಯುತ್ತಿರುವ ಎಳೆಯ ಹೋರಿಗೆ, ಹತ್ತಿಕಾಳಿನ ಬದಲು ಶೇಂಗಾ ಹಿಂಡಿ, ತೊಗರಿ ಅಥವಾ ಕಡಲೆ ಹೊಟ್ಟು, ಮೆಕ್ಕೆಜೋಳದ ನುಚ್ಚು ಹಾಕುವುದು ಉತ್ತಮ ಎಂಬುದು ನನ್ನ ಖಚಿತ ಅಭಿಪ್ರಾಯ. ಶೇಂಗಾ ಹಿಂಡಿಗೆ ಬೂಷ್ಟು ಹಿಡಿದಿರಬಾರದು, ಬೂಷ್ಟಿನಲ್ಲಿರುವ ಅಫ್ಲಾಟಾಕ್ಸಿನ್ ಕೂಡ ವಿಷವೇ.

ಹಸಿರು ಮೇವಿನಲ್ಲಿರುವ ಕೆರೋಟಿನ್ ಅಂಶದಿಂದ ದೇಹ ಎ ಜೀವಸತ್ವವನ್ನು ತಯಾರಿಸಿಕೊಳ್ಳುತ್ತದೆ. ಅದು ಕೊರತೆಯಾದರೆ ವೀರ್ಯಾಣು ಹುಟ್ಟುವ ನಾಳಗಳ ಒಳಪದರವೇ ಕ್ಷೀಣಿಸುತ್ತದೆ. ಬೇಸಿಗೆಯುದ್ದಕ್ಕೂ ಬಿಳಿಜೋಳದ ಸೊಪ್ಪೆ ಅಥವಾ ಭತ್ತದ ಹುಲ್ಲನ್ನೇ ತಿಂದ ಹೋರಿಗೆ ಬಿಸಿಲಿನ ಪೆಟ್ಟಿನ ಜತೆಗೆ ಈ ಕೊರತೆಯೂ ಸೇರಿರುತ್ತದೆ. ಮನೆಯ ಹಿತ್ತಲಲ್ಲಿ ಎರಡು ಸಾಲು ಕುದುರೆಮೆಂತೆ ಅಥವಾ ನೇಪಿಯರ್, ಬದುವಿನಲ್ಲಿ ಅಗಸೆ, ನುಗ್ಗೆ ಇದ್ದರೆ ಒಂದು ಹೋರಿಗೆ ಬೇಸಿಗೆಯಲ್ಲಿ ಕೊಡುವಷ್ಟು ಹಸಿರು ಸಿಗುತ್ತದೆ. ಸತು, ಸೆಲೆನಿಯಂಗಳಿರುವ ಖನಿಜ ಮಿಶ್ರಣವನ್ನು ಪೊಟ್ಟಣದ ಮೇಲೆ ಸೂಚಿಸಿದ ಪ್ರಮಾಣದಲ್ಲಿ ಮಾತ್ರ ಕೊಡಿ, ಸೆಲೆನಿಯಂ ಮಿತಿ ಮೀರಿದರೆ ವಿಷವಾಗುತ್ತದೆ. ಕುರಿಗಾರರು ಟಗರನ್ನು ಕುರಿಗಳೊಂದಿಗೆ ಬಿಡುವ ಎಂಟು ವಾರ ಮೊದಲಿನಿಂದ ಕಾಳಿನ ಮೇವು ಆರಂಭಿಸಬೇಕು.

ಐದನೆಯ ಹಂತ: ಜ್ವರ, ಸೋಂಕು ಮತ್ತು ಚುಚ್ಚುಮದ್ದಿನ ಮೇಲೆ ಕಣ್ಣಿಡಿ

ಯಾವುದೇ ತೀವ್ರ ಜ್ವರ ವೃಷಣಕ್ಕೆ ಒಳಗಿನಿಂದ ಬಿದ್ದ ಬಿಸಿಲಿನಂತೆ. ಮೂರು ದಿನದ ಜ್ವರ ಹೆಸರಿಗೆ ಮೂರೇ ದಿನದ್ದಾದರೂ ಹೋರಿಯ ವೀರ್ಯದಲ್ಲಿ ಅದರ ಪರಿಣಾಮ ತಿಂಗಳುಗಟ್ಟಲೆ ಉಳಿಯಬಹುದು. ಕಾಲುಬಾಯಿ ಜ್ವರ ಹಾಗೂ ಚರ್ಮಗಂಟು ರೋಗದಲ್ಲಿ ಜ್ವರದ ಹಾನಿಯ ಜತೆಗೆ ವೈರಾಣು ವೀರ್ಯದಲ್ಲೇ ಹೊರಬರುತ್ತದೆ. 2022ರಲ್ಲಿ ಚರ್ಮಗಂಟು ರೋಗ ರಾಜ್ಯದ ತುಂಬ ಹರಡಿದಾಗ ಗುಣಮುಖವಾದ ಹೋರಿಗಳ ವಿಷಯದಲ್ಲಿ ಇದ್ದ ಆತಂಕ ಇದೇ. ಇಂಥ ರೋಗದಿಂದ ಎದ್ದ ಹೋರಿಯನ್ನು ಕನಿಷ್ಠ ಎರಡು ತಿಂಗಳು ಬೀಜಕ್ಕೆ ಬಿಡದೆ, ಪಶುವೈದ್ಯರು ಪರೀಕ್ಷಿಸಿದ ಮೇಲಷ್ಟೇ ಬಳಸಿ. ಲಸಿಕೆಗಳನ್ನು ಕಾಲಕಾಲಕ್ಕೆ ಹಾಕಿಸಿ.

ಕಂದು ರೋಗ, ಅಂದರೆ ಬ್ರುಸೆಲ್ಲೋಸಿಸ್, ಹೋರಿಯ ವೃಷಣವನ್ನು ಊದಿಸಿ ಹಾಳುಮಾಡುತ್ತದೆ, ಹಸುಗಳಲ್ಲಿ ಕಂದು ಹಾಕಿಸುತ್ತದೆ, ಮನುಷ್ಯರಿಗೂ ಅಂಟುತ್ತದೆ. ಊದಿದ ವೃಷಣವನ್ನು ಬರಿಗೈಯಲ್ಲಿ ಮುಟ್ಟಬೇಡಿ. ಇದರ ಲಸಿಕೆ ಇರುವುದು 4ರಿಂದ 8 ತಿಂಗಳ ಹೆಣ್ಣುಕರುಗಳಿಗೆ ಮಾತ್ರ. ಗಂಡುಕರುವಿಗೆ ಹಾಕಿದರೆ ಲಸಿಕೆಯೇ ವೃಷಣದ ಬಾವಿಗೆ ಕಾರಣವಾಗಬಹುದು. ಕ್ಯಾಂಪೈಲೋಬ್ಯಾಕ್ಟರ್, ಟ್ರೈಕೋಮೊನಾಸ್ ಸೋಂಕುಗಳು ಇನ್ನೊಂದು ಬಗೆಯವು. ಹೋರಿಯಲ್ಲಿ ಹೊರಗೆ ಯಾವ ಲಕ್ಷಣವೂ ಇರುವುದಿಲ್ಲ, ಆದರೆ ಅದು ಏರಿದ ಹಸುಗಳು ತಿರುಗಿ ತಿರುಗಿ ಬೆದೆಗೆ ಬರುತ್ತವೆ. ಊರಿಗೆಲ್ಲ ಒಂದೇ ಹೋರಿ ಇರುವ ಕಡೆ ವರ್ಷಕ್ಕೊಮ್ಮೆಯಾದರೂ ರಕ್ತವನ್ನೂ, ಶಿಶ್ನದ ಹೊದಿಕೆಯನ್ನು ತೊಳೆದ ದ್ರವವನ್ನೂ ಪ್ರಯೋಗಾಲಯಕ್ಕೆ ಕಳುಹಿಸಿ ಪರೀಕ್ಷಿಸಿಕೊಳ್ಳುವುದು ಎಲ್ಲರ ಹಿತಕ್ಕೆ ಅಗತ್ಯ.

ಹೋರಿ ಕುಂಟಿದರೆ, ಮೈ ಕೆರೆದರೆ ಸ್ಟೆರಾಯ್ಡ್ ಚುಚ್ಚುಮದ್ದನ್ನು ತಾವೇ ತಂದು ಹಾಕುವವರಿದ್ದಾರೆ. ಡೆಕ್ಸಾಮೆಥಸೋನ್‌ನಂಥ ಔಷಧಿ ಗಂಡು ಹಾರ್ಮೋನನ್ನು ತಗ್ಗಿಸುತ್ತದೆ. ಇದು ಬೀಜದ ಹೋರಿ ಎಂಬುದನ್ನು ವೈದ್ಯರಿಗೆ ಮೊದಲೇ ಹೇಳಿ.

ಆರನೆಯ ಹಂತ: ಮಿತಿಯಲ್ಲಿ ಬಳಸಿ

ನಾಟಿ ಹೋರಿಯನ್ನು ಎರಡೂವರೆಯಿಂದ ಮೂರು ವರ್ಷಕ್ಕೆ ಮುಂಚೆ ನಿಯಮಿತವಾಗಿ ಬಿಡಬೇಡಿ. ಬೆಳೆದ ಹೋರಿಗೆ ವಾರಕ್ಕೆ ಎರಡು ಮೂರು ಹಸು ಸಾಕು. ಬೆಳೆದ ಟಗರು ಅಥವಾ ಹೋತಕ್ಕೆ ಒಂದು ಋತುವಿನಲ್ಲಿ 25ರಿಂದ 30 ಹೆಣ್ಣುಗಳು ಸೂಕ್ತ, ಮೊದಲ ವರ್ಷದ್ದಕ್ಕೆ ಅದರ ಅರ್ಧ. ಒಂದೇ ದಿನ ಹಲವು ಸಲ ಬಿಟ್ಟರೆ ಸಂಗ್ರಹ ಬರಿದಾಗಿ, ಪೂರ್ತಿ ಮಾಗದ ವೀರ್ಯಾಣುಗಳೂ ಹೊರಬರುತ್ತವೆ. ಬಹಳ ದಿನ ಬಿಡದೇ ಇಟ್ಟರೂ ತೊಂದರೆಯೇ. ತಿಂಗಳುಗಟ್ಟಲೆ ವಿಶ್ರಾಂತಿಯಲ್ಲಿದ್ದ ಹೋರಿಯ ಮೊದಲ ವೀರ್ಯದಲ್ಲಿ ಹಳತಾಗಿ ಸತ್ತ ವೀರ್ಯಾಣುಗಳೇ ಹೆಚ್ಚು, ಆದ್ದರಿಂದ ಆ ಮೊದಲ ಸಲವನ್ನೇ ನೋಡಿ ಹೋರಿಯನ್ನು ಅಳೆಯಬಾರದು.

ಏಳನೆಯ ಹಂತ: ವೀರ್ಯ ಪರೀಕ್ಷೆ ಮಾಡಿಸಿ

ಪಶುವೈದ್ಯರು ಕೃತಕ ಯೋನಿಯ ಮೂಲಕ ವೀರ್ಯ ಸಂಗ್ರಹಿಸುವಾಗ ಅದರೊಳಗಿನ ಉಷ್ಣಾಂಶ 40ರಿಂದ 45 ಡಿಗ್ರಿಯ ನಡುವೆ ಇರುತ್ತದೆ. ಹಿಂದಿನ ದಿನವೇ ಹೋರಿಯ ಹೊಟ್ಟೆಯಡಿಯನ್ನು ತೊಳೆದು, ಶಿಶ್ನದ ಹೊದಿಕೆಯ ಬಾಯಲ್ಲಿರುವ ಕೂದಲನ್ನು ಒಂದಂಗುಲ ಬಿಟ್ಟು ಕತ್ತರಿಸಿಡಿ. ಸಂಗ್ರಹದ ಹೊತ್ತಿಗೆ ಎಲ್ಲ ಒಣಗಿರಬೇಕು. ವೀರ್ಯಕ್ಕೆ ಒಂದೆರಡು ಹನಿ ನೀರು ಬೆರೆತರೂ ವೀರ್ಯಾಣುಗಳು ನೀರು ಹೀರಿ ಉಬ್ಬಿ, ಬಾಲ ಸುರುಳಿಗೊಂಡು ಸಾಯುತ್ತವೆ. ಸಾಬೂನಿನ ಅಂಶ, ನೇರ ಬಿಸಿಲು, ತಣ್ಣನೆಯ ಗಾಜು ಇವೂ ಅಷ್ಟೇ ಹಾನಿಕರ. ಚೆನ್ನಾಗಿದ್ದ ವೀರ್ಯ ಇಲ್ಲಿ ಕೈತಪ್ಪಿನಿಂದ ಕೆಟ್ಟು, ನಿರಪರಾಧಿ ಹೋರಿಯ ಮೇಲೆ ಅಪವಾದ ಬರುವುದುಂಟು.

ಆರೋಗ್ಯವಂತ ಹೋರಿ ಒಮ್ಮೆಗೆ 4ರಿಂದ 8 ಮಿ.ಲೀ. ವೀರ್ಯ ಕೊಡುತ್ತದೆ. ಟಗರಿನದು ಒಂದು ಮಿ.ಲೀ. ಮಾತ್ರ, ಆದರೆ ಬಹಳ ಗಾಢ. ಬಣ್ಣ ಕೆನೆಯಂತಿರಬೇಕು. ಕೆಲವು ಹೋರಿಗಳಲ್ಲಿ ರೈಬೊಫ್ಲಾವಿನ್‌ನಿಂದಾಗಿ ನಿಂಬೆಹಳದಿ ಛಾಯೆ ಇರುತ್ತದೆ, ಅದು ದೋಷವಲ್ಲ. ಮೂತ್ರದ ವಾಸನೆಯಿದ್ದರೆ, ಕೆಂಪು ಅಥವಾ ಕಂದು ಬಣ್ಣವಿದ್ದರೆ, ಕೀವಿನಂಥ ತುಣುಕುಗಳಿದ್ದರೆ ಅಂಥ ವೀರ್ಯ ಕೆಲಸಕ್ಕೆ ಬಾರದು. ವೈದ್ಯರು ಅನುಮತಿಸಿದರೆ ಸೂಕ್ಷ್ಮದರ್ಶಕದಲ್ಲಿ ನೀವೂ ಒಮ್ಮೆ ಇಣುಕಿ. ಬೆಚ್ಚಗಿನ ಗಾಜಿನ ಮೇಲಿಟ್ಟ ಒಳ್ಳೆಯ ವೀರ್ಯದ ಹನಿ, ಗಾಳಿ ಬೀಸಿದಾಗ ತೆನೆ ತುಂಬಿದ ರಾಗಿಯ ಹೊಲ ಹೊರಳಾಡುವಂತೆ, ಕಪ್ಪು ಅಲೆಗಳಾಗಿ ಸುಳಿಸುಳಿದು ಹೊರಳುತ್ತಿರುತ್ತದೆ. ಕಳಪೆ ವೀರ್ಯದಲ್ಲಿ ಅಲೆಯೇ ಇರುವುದಿಲ್ಲ, ಅಲ್ಲಲ್ಲಿ ಒಂದೊಂದು ಕಣ ಮಿಸುಕುತ್ತದೆ ಅಷ್ಟೇ. ಘನೀಕರಣಕ್ಕೆ ಆರಿಸುವ ವೀರ್ಯದಲ್ಲಿ ಶೇಕಡ 70ರಷ್ಟಾದರೂ ವೀರ್ಯಾಣುಗಳು ಮುಂದಕ್ಕೆ ಈಜುತ್ತಿರಬೇಕು, ವಿಕಾರ ರೂಪದವು ಶೇಕಡ 20ನ್ನು ಮೀರಬಾರದು.

ಎಂಟನೆಯ ಹಂತ: ವೀರ್ಯ ಕಡ್ಡಿ ಬಳಸುವವರು ಅಂಗಳದಲ್ಲಿ ನೋಡಬೇಕಾದದ್ದು

ಭಾರತದಲ್ಲಿ ಮೊದಲ ಕೃತಕ ಗರ್ಭಧಾರಣೆ ನಡೆದದ್ದು 1939ರಲ್ಲಿ, ಮೈಸೂರಿನ ಅರಮನೆಯ ಹೈನು ಫಾರ್ಮಿನಲ್ಲಿ, ಸಂಪತ್ ಕುಮಾರನ್ ಅವರಿಂದ. ಈಗ ಬೆಂಗಳೂರಿನ ಹೊರವಲಯದ ಹೆಸರಘಟ್ಟದಂಥ ಕೇಂದ್ರಗಳಿಂದ ಘನೀಕೃತ ವೀರ್ಯ, ಕಡ್ಡಿ ಎನ್ನುವ ಸಣ್ಣ ಕೊಳವೆಗಳಲ್ಲಿ, ಹಳ್ಳಿಹಳ್ಳಿಗೂ ತಲಪುತ್ತಿದೆ. ಪರೀಕ್ಷೆಯಲ್ಲಿ ಗೆದ್ದ ಹೋರಿಯ 5 ಮಿ.ಲೀ. ವೀರ್ಯದಲ್ಲಿ, ಮಿ.ಲೀ.ಗೆ 100 ಕೋಟಿಯಂತೆ 500 ಕೋಟಿ ವೀರ್ಯಾಣುಗಳಿದ್ದರೆ, ಕಡ್ಡಿಗೆ 2 ಕೋಟಿಯ ಲೆಕ್ಕದಲ್ಲಿ 250 ಕಡ್ಡಿಗಳಾಗುತ್ತವೆ. ಕರಗಿಸಿದ ಮೇಲೆ ಅವುಗಳಲ್ಲಿ ಅರ್ಧದಷ್ಟಾದರೂ ಚುರುಕಾಗಿ ಈಜಬೇಕೆಂಬುದು ನಮ್ಮ ದೇಶದ ವೀರ್ಯ ಕೇಂದ್ರಗಳು ಪಾಲಿಸುವ ಮಾನದಂಡ.

ಇಷ್ಟು ಜತನದಿಂದ ಬಂದ ಕಡ್ಡಿ ಕೊನೆಯ ಐದು ನಿಮಿಷದಲ್ಲಿ ಹಾಳಾಗಬಹುದು. ಕಡ್ಡಿಗಳನ್ನು ಜಾಡಿಯಲ್ಲಿ ಮುಳುಗಿಸಿಡುವ ದ್ರವ ಸಾರಜನಕದ ಉಷ್ಣಾಂಶ ಮೈನಸ್ 196 ಡಿಗ್ರಿ. ಕಡ್ಡಿ ಹುಡುಕಲು ಜಾಡಿಯೊಳಗಿನ ಡಬ್ಬಿಯನ್ನು ಜಾಡಿಯ ಬಾಯಿಗಿಂತ ಮೇಲಕ್ಕೆ ಎತ್ತಿ ಹಿಡಿದರೆ ಕೆಲವೇ ಸೆಕೆಂಡುಗಳಲ್ಲಿ ಉಳಿದ ಕಡ್ಡಿಗಳಿಗೂ ಬಿಸಿ ತಾಗಿ, ಮತ್ತೆ ಹೆಪ್ಪುಗಟ್ಟುವಾಗ ವೀರ್ಯಾಣುಗಳು ಸಾಯುತ್ತವೆ. ತೆಗೆದ ಕಡ್ಡಿಯನ್ನು 37 ಡಿಗ್ರಿಯ ನೀರಿನಲ್ಲಿ 30 ಸೆಕೆಂಡು ಮುಳುಗಿಸಿ, ಪೂರ್ತಿ ಒರೆಸಿ, ಕತ್ತರಿಸಿ, ವೀರ್ಯವನ್ನು ಗರ್ಭಕೋಶಕ್ಕೆ ಸೇರಿಸುವ ಗನ್ನಿಗೆ ಏರಿಸಿ, ಹದಿನೈದು ನಿಮಿಷದೊಳಗೆ ಬಳಸಬೇಕು. ಅಂಗೈಯಲ್ಲಿ ಉಜ್ಜುವುದು, ಅಂಗಿಯ ಜೇಬಿನಲ್ಲಿ ಹಾಕಿಕೊಳ್ಳುವುದು, ತಣ್ಣೀರಿನ ಚೊಂಬಿಗೆ ಹಾಕುವುದು ತಪ್ಪು. ಕೃತಕ ಗರ್ಭಧಾರಣೆಗೆ ಬಂದವರಿಗೆ ಮನೆಯವರೇ ಒಂದು ಲೋಟ ಬೆಚ್ಚಗಿನ ನೀರು ತಂದುಕೊಟ್ಟು, "ಇದರಲ್ಲಿ ಅರ್ಧ ನಿಮಿಷ ಇಡಿ ಸಾರ್, ಉಷ್ಣಮಾಪಕ ಇದ್ದರೆ ಒಮ್ಮೆ ನೋಡಿಬಿಡಿ" ಎಂದು ಹೇಳಲು ಸಂಕೋಚಪಡಬೇಕಿಲ್ಲ. ಕಡ್ಡಿಯ ಮೇಲೆ ಅಚ್ಚಾದ ಹೋರಿಯ ಸಂಖ್ಯೆ, ತಳಿ, ದಿನಾಂಕಗಳನ್ನು ನಿಮ್ಮ ಪುಸ್ತಕದಲ್ಲಿ ಬರೆದುಕೊಳ್ಳಿ.

ಒಂಬತ್ತನೆಯ ಹಂತ: ಮರುಪರೀಕ್ಷೆ, ಬಳಿಕ ತೀರ್ಮಾನ

ಒಂದು ಪರೀಕ್ಷೆಯಲ್ಲಿ ವೀರ್ಯ ಕಳಪೆ ಎಂದು ಬಂದ ಮಾತ್ರಕ್ಕೆ ಹೋರಿಯನ್ನು ಮಾರಬೇಡಿ. ದಿನಚರಿಯಲ್ಲಿ ಹಿಂದಿನ 70 ದಿನ ತಿರುವಿಹಾಕಿ ಬಿಸಿಲು, ಜ್ವರ, ಹತ್ತಿಕಾಳು ಅಥವಾ ಔಷಧಿಯ ಕಾರಣ ಸಿಕ್ಕರೆ ಅದನ್ನು ಸರಿಪಡಿಸಿ, ಅಂದಿನಿಂದ ಮುಂದಕ್ಕೆ ಮತ್ತೆ 70 ದಿನ ಎಣಿಸಿ ಪರೀಕ್ಷಿಸಿ. ಅದಕ್ಕಿಂತ ಮುಂಚೆ ಮಾಡಿಸಿದ ಪರೀಕ್ಷೆ ಹಳೆಯ ಹಾನಿಯನ್ನೇ ಮತ್ತೆ ತೋರಿಸುತ್ತದೆ. ಎರಡನೆಯ ಸಲವೂ ಅದೇ ಫಲಿತಾಂಶ ಬಂದರೆ, ಅಥವಾ ಮುಟ್ಟಿದಾಗ ವೃಷಣ ಗಡುಸಾಗಿ ಕುಗ್ಗಿದ್ದರೆ, ಎಷ್ಟೇ ಚಂದದ ಹೋರಿಯಾದರೂ ಬೀಜಕ್ಕೆ ಇಟ್ಟುಕೊಳ್ಳುವುದು ಊರಿನ ಹಸುಗಳಿಗೆ ಮಾಡುವ ಅನ್ಯಾಯ. ಪಶು ಆಸ್ಪತ್ರೆಯಲ್ಲಿ ಬೀಜ ಹಿಚುಕಿಸಿ ಉಳುಮೆಗೋ ಗಾಡಿಗೋ ಬಳಸಿ. ಬೀಜ ಹಿಚುಕಿಸಿದ ಮೇಲೂ ನಾಳಗಳಲ್ಲಿ ಉಳಿದ ವೀರ್ಯಾಣುಗಳು ಕೆಲವು ವಾರ ಜೀವಂತವಾಗಿರುವುದರಿಂದ, ಇನ್ನೊಂದು ತಿಂಗಳು ಅದನ್ನು ಬೆದೆಯ ಹಸುಗಳಿಂದ ದೂರವೇ ಕಟ್ಟಿ.